ಒಂಬತ್ತನೆಯ ಭೋಗ

ಗೇಟು ಬಿದ್ದರೆ ಇಪ್ಪತ್ತು ನಿಮಿಷ.
ತಾಳಗುಪ್ಪದ ರೈಲು ದಾಟುವವರೆಗೆ
ಎಲ್ಲರೂ ನಿಲ್ಲುತ್ತಿದ್ದರು, ಸ್ಕೂಟರು ಓರೆ ಮಾಡಿ,
ಹಾಲಿನ ಕ್ಯಾನು, ಟ್ಯೂಷನ್ನಿನ ಹುಡುಗಿಯರು,
ಒಮ್ಮೆ ಆಟೋದೊಳಗೆ ಒಂದು ಹೆರಿಗೆ ನೋವು ಕೂಡ.
ಗೇಟಿಗೆ ದಿನಾ ಶಾಪ ಹಾಕುತ್ತಿದ್ದೆವು.
ಗೊತ್ತಿರಲಿಲ್ಲ,
ಆ ಇಪ್ಪತ್ತು ನಿಮಿಷವೇ ನಮ್ಮ ಬಾಡಿಗೆಯನ್ನು
ಮೂರು ಸಾವಿರದ ಮೇಲೆ ಏರದಂತೆ
ಕೊಕ್ಕೆ ಹಾಕಿ ಹಿಡಿದಿತ್ತೆಂದು.

ನಾನು ಪತ್ರ ಬರಹಗಾರ್ತಿ.
ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು
ಅಬ್ಬಾ ಬಿಟ್ಟುಹೋದ ಮೇಜು, ಅಬ್ಬಾ ಬಿಟ್ಟುಹೋದ ವಾಕ್ಯಗಳು.
ಅವರ ಕಾಲದಲ್ಲಿ ಚಕ್ಕುಬಂದಿ ಎಂದರೆ
ಪೂರ್ವಕ್ಕೆ ಒಂಟಿ ಮತ್ತಿಮರ,
ಪಶ್ಚಿಮಕ್ಕೆ ಹಾಲಮ್ಮನ ಕಣ,
ದಕ್ಷಿಣಕ್ಕೆ ಎಮ್ಮೆ ಇಳಿಯುವ ದಾರಿ,
ಉತ್ತರಕ್ಕೆ, ಅಬ್ಬಾ ಬರೆದದ್ದೇ ಹೀಗೆ,
"ಜಗಳದಲ್ಲಿರುವ ಹುಣಸೆ".
ಈಗ ಪೂರ್ವಕ್ಕೆ ನಲವತ್ತಮೂರು, ಪಶ್ಚಿಮಕ್ಕೆ ನಲವತ್ತೈದು,
ದಕ್ಷಿಣಕ್ಕೆ ಮೂವತ್ತಡಿ ರಸ್ತೆ,
ಉತ್ತರಕ್ಕೆ ಇನ್ನೂ ಅಳೆಯದ ಗಾಳಿ.

ಸೋಗಾನೆ ಕಡೆ ವಿಮಾನ ಇಳಿಯುತ್ತದಂತೆ,
ಆ "ಅಂತೆ"ಗೇ ಚದರಡಿಗೆ ಇನ್ನೂರು ಏರಿತು.
ಕಲ್ಲು ನೆಟ್ಟಾಗ ಇನ್ನಷ್ಟು.
ವಿಮಾನ ನಿಜಕ್ಕೂ ಇಳಿದ ದಿನ ಏನೂ ಏರಲಿಲ್ಲ.
ಅಂತೆಯಷ್ಟು ಎತ್ತರಕ್ಕೆ
ಯಾವ ವಿಮಾನ ತಾನೆ ಹಾರೀತು?

ರುದ್ರಾ ನಾಯ್ಕ ಆ ರಸ್ತೆ ಪಕ್ಕದ
ಎರಡು ಎಕರೆ ಹನ್ನೆರಡು ಗುಂಟೆಯನ್ನು
ಲೇಔಟಿನವರಿಗೆ ಬರೆದುಕೊಟ್ಟ. ಬರೆದವಳು ನಾನೇ.
ಯಂತ್ರಕ್ಕೆ ಅವನ ಹೆಬ್ಬೆಟ್ಟು ಸಿಗಲೇ ಇಲ್ಲ,
ಗುದ್ದಲಿ ಹಿಡಿದು ರೇಖೆಯೆಲ್ಲ ಸವೆದಿತ್ತು.
ಐದನೆಯ ಸಲ ಲುಂಗಿಗೆ ಒರೆಸಿ ಒತ್ತಿದಾಗ
ಪರದೆ ಒಪ್ಪಿತು, ಇವನು ಇವನೇ ಎಂದು.

ಆಮೇಲೆ ಮೇಲ್ಸೇತುವೆ.
ಗೇಟು ಕಿತ್ತರು. ಗೇಟಿನವನ ಗುಮಟಿಯಲ್ಲಿ ಈಗ ಎಳನೀರು.
ಬಸ್ ಸ್ಟ್ಯಾಂಡಿಗೆ ಏಳೇ ನಿಮಿಷ! ಎಂದು
ಬೀದಿಯ ಬಾಯಲ್ಲಿ ಬೋರ್ಡು.
ಬಾಡಿಗೆ ಮೂರರಿಂದ ಐದು, ಐದರಿಂದ ಒಂಬತ್ತು.
ಮೊದಲು ಹೋದವರು ಇಸ್ತ್ರಿಯವರು,
ಊರಾಚೆ, ಗೇಟು ಇನ್ನೂ ಬೀಳುವ ಕಡೆಗೆ.

ಮಾಲೀಕರು ಬಸವಣ್ಯೆಪ್ಪ ಮೇಷ್ಟ್ರು
ಹೇಳಲು ಬಹಳ ಕಷ್ಟಪಟ್ಟರು.
ಚಹಾ ಕುಡಿದರು. ನನ್ನ ನುಗ್ಗೆ ಗಿಡ ಹೊಗಳಿದರು.
ಕಡೆಗೆ, "ಜೈಬೂ, ಕ್ರಯಪತ್ರ ನೀನೇ ಬರೆದುಬಿಡಮ್ಮ,
ಬೇರೆಯವರು ತಪ್ಪು ಮಾಡ್ತಾರೆ" ಅಂದರು.
ಅರವತ್ತೆರಡು ಲಕ್ಷ.
ಪತ್ರದ ಮೇಲೆ ಎಷ್ಟು ಎಂದು ಕೇಳಬೇಡಿ.

ಕೊಳ್ಳುವವನು ರುದ್ರಾ ನಾಯ್ಕ.
ನನ್ನ ಕಂಡವನೇ ಚಪ್ಪಲಿ ನೋಡುತ್ತ ನಿಂತ.
"ಅಕ್ಕ, ರೈಲಿನ ಸದ್ದು ಬಹಳವಾ?"
"ರಾತ್ರಿಯದು ಒಂದು. ನಾಲ್ಕು ದಿನ ಕೇಳಿಸ್ತದೆ, ಆಮೇಲೆ ಇಲ್ಲ.
ಬಚ್ಚಲ ನಲ್ಲಿ ಎಡಕ್ಕೆ ತಿರುಗಿಸಬೇಕು."

ಪಶ್ಚಿಮಕ್ಕೆ ನುಗ್ಗೆ ಗಿಡ ಎಂದು ಬರೆಯಲು ಕೈ ಹೋಯಿತು,
ಕಂಪ್ಯೂಟರಿನಲ್ಲಿ ಗಿಡಕ್ಕೆ ಕಾಲಂ ಇಲ್ಲ.
ನಿಧಿ ನಿಕ್ಷೇಪ ಜಲ ಪಾಷಾಣ
ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ
ಅಷ್ಟಭೋಗ ಸಹಿತ, ಸ್ವಸಂತೋಷದಿಂದ,
ಯಾರ ಒತ್ತಾಯವೂ ಇಲ್ಲದೆ.
ಒಂಬತ್ತನೆಯದನ್ನು ಯಾರೂ ಬರೆಸುವುದಿಲ್ಲ,
ದುಡ್ಡು ಎಣಿಸುವುದು ಮಾತ್ರ ಅದಕ್ಕೇ,
ಗೇಟಿನಲ್ಲಿ ನಿಲ್ಲದೆ ಉಳಿದ
ಇಪ್ಪತ್ತು ನಿಮಿಷಕ್ಕೆ.

ಒಳಗಿಂದ ಜವಾನ ಕೂಗಿದ: ಸರ್ವರ್ ಇಲ್ಲ!
ಮಾರುವವರು, ಕೊಳ್ಳುವವನು, ಬಿಡುವವಳು
ಒಂದೇ ಬೆಂಚಿನಲ್ಲಿ ಕೂತೆವು.
ಮೇಷ್ಟ್ರು ಕಡಲೆಕಾಯಿ ಹಂಚಿದರು.
ಈ ಸಲ ಶುಂಠಿಗೆ ರೇಟು ಹೇಗೆ ಎಂದೆ ನಾನು.
ರುದ್ರಾ ನಾಯ್ಕ ನಕ್ಕ,
"ಶುಂಠಿ ಹಾಕೋಕೆ ನೆಲ ಎಲ್ಲಕ್ಕ?"

ಮೂರೂ ಮುಕ್ಕಾಲಿಗೆ ಸರ್ವರ್ ಬಂತು.
ಬಿಕ್ಕಲಂ: ಜೈಬುನ್ನಿಸಾ.
ವಿಳಾಸ: ಈ ಪತ್ರದ ತಾರೀಖಿನವರೆಗೆ,
ಸದರಿ ಮನೆ.