ಒಗೆಯುವ ಕಲ್ಲು

ಮೂವತ್ತೊಂದು ವರ್ಷ ಸುತ್ತಿಗೆ ಹೊತ್ತವನು ನಾನು,
ಕಾಲೇಜಿನ ಭೂವಿಜ್ಞಾನದ ಅಟೆಂಡರು.
ಒಡೆಯುವುದು ಮೇಷ್ಟ್ರು; ನಂಬರು ಬರೆದು
ಗೋಣಿಚೀಲಕ್ಕೆ ತುಂಬುವುದು ನಾನು.

ಚಿಕ್ಕಮಗಳೂರಿನ ಪಕ್ಕ, ಕಾರ್ತಿಕೆರೆಯಲ್ಲಿ ಬಸ್ಸಿಳಿದರೆ
ಮಣ್ಣು ಜಾರಿ ಬರಿಮೈಯಾದ ಒಂದು ದಿಬ್ಬ.
ಪದರದ ಮೇಲೆ ಪದರ, ಯಾರೋ ಮಡಚಿಟ್ಟು
ಮರೆತುಹೋದ ಜಮಖಾನ.
ತಳದಲ್ಲಿ ಗುಂಡುಗಲ್ಲುಗಳು, ಕೋಳಿಮೊಟ್ಟೆಯಷ್ಟು, ಗಜ್ಜುಗದಷ್ಟು,
ಹೊಳೆಯೊಂದು ಉರುಳಿಸುತ್ತ ಉರುಳಿಸುತ್ತ
ಕೈಬಿಟ್ಟಲ್ಲೇ ಕಚ್ಚಿಕೊಂಡವು.
"ಹೊಳೆ ಎಲ್ಲಿ ಸಾರ್?" ಅಂದೆ ಮೊದಲ ವರ್ಷ.
ಧರಣೇಂದ್ರಯ್ಯನವರು ಕಲ್ಲನ್ನೇ ತಟ್ಟಿ ತೋರಿಸಿದರು.

ಇನ್ನೂರೆಂಬತ್ತು ಕೋಟಿ ವರ್ಷ ಅಂದರು.
ನನ್ನ ಲೆಕ್ಕ ಸಂಬಳದ ದಿನಕ್ಕೆ ಮುಗಿಯುತ್ತದೆ.
ಆದರೆ ಒಡೆದ ಮುಖದಲ್ಲಿ ಹಿತ್ತಾಳೆಯಂತೆ ಮಿಂಚುವ ಚುಕ್ಕಿಗಳು,
ಕಬ್ಬಿಣ ಗಂಧಕ ಕೂಡಿದವು, ನೀರಲ್ಲಿ ಹೊರಳಿಯೂ
ತುಕ್ಕು ಹಿಡಿದಿಲ್ಲ. ಆಗ ಗಾಳಿಯಿತ್ತಂತೆ,
ಗಾಳಿಯಲ್ಲಿ ಪ್ರಾಣವಾಯು ಇರಲಿಲ್ಲವಂತೆ.
ನನ್ನ ಸುತ್ತಿಗೆ ಒಂದು ಆಷಾಢಕ್ಕೇ ಕೆಂಪಾಗುತ್ತದೆ.
ಅದನ್ನು ಉಜ್ಜುವಾಗೆಲ್ಲ ಈಗ
ಒಂದು ಕ್ಷಣ ಉಸಿರು ಹಿಡಿಯುತ್ತೇನೆ, ಸುಮ್ಮನೆ.

ಆ ಸಲ ನೀರು ಕೇಳಲು ಹೋದದ್ದು ದ್ಯಾವಮ್ಮನ ಹಿತ್ತಿಲಿಗೆ.
ಅವಳು ಬಟ್ಟೆ ಒಗೆಯುತ್ತಿದ್ದ ಕಲ್ಲು ನೋಡಿ
ಮೇಷ್ಟ್ರು ಚೊಂಬು ಹಿಡಿದೇ ನಿಂತರು.
ಕಲ್ಲಿನ ತುಂಬ ಅಲೆ.
ಸಣ್ಣ ಸಣ್ಣ ಅಲೆ, ಒಂದರ ಬೆನ್ನಿಗೊಂದು,
ಈಗಷ್ಟೇ ನೀರು ಹಿಂದೆ ಸರಿದ ಮರಳಿನ ಹಾಗೆ.
"ನಮ್ಮ ಮಾವ ಎಬ್ಬಿಸಿದ್ದು. ಚಪ್ಪಡಿಗೆ ಆಗಲ್ಲ ಅಂತ
ಯಾರೂ ಕೊಳ್ಳಲಿಲ್ಲ. ಕೊಳೆ ಮಾತ್ರ ಚೆನ್ನಾಗಿ ಬಿಡ್ತದೆ."

ಇದು ಒಂದು ದಡ ತಾಯಿ, ಅಂದರು ಮೇಷ್ಟ್ರು,
ಮೀನಿಲ್ಲದ, ಹುಲ್ಲಿಲ್ಲದ, ನೋಡುವ ಕಣ್ಣೇ ಇಲ್ಲದ ಕಾಲದ
ಒಂದೇ ಒಂದು ಮಧ್ಯಾಹ್ನದ ನೀರು.
ಮ್ಯೂಸಿಯಮ್ಮಿಗೆ ಕೊಡ್ತೀರಾ?
ಬದಲಿಗೆ ಹೊಸ ಕಲ್ಲು ಹಾಕಿಸಿಕೊಡ್ತೇವೆ.

ದ್ಯಾವಮ್ಮ ಕೈಯ ನೊರೆ ಕೊಡವಿ
ಕಲ್ಲನ್ನೊಮ್ಮೆ, ಮೇಷ್ಟ್ರನ್ನೊಮ್ಮೆ ನೋಡಿದಳು.
"ಅಷ್ಟು ಕಾಲ ನೀರಿಲ್ಲದೆ ಬಿದ್ದಿತ್ತಲ್ಲ ಸ್ವಾಮಿ,
ಮತ್ತೆ ಒಣಗಿಸೋಕೆ ಒಯ್ತೀರಾ?"
ತೊಟ್ಟಿಯಿಂದ ಮೊಗೆದು
ಒಂದು ಬಿಂದಿಗೆ ಪೂರ್ತಿ ಸುರಿದಳು.

ಅಲೆಯ ಮೇಲೆ ಅಲೆ ಹರಿಯಿತು.
ಮೇಷ್ಟ್ರು ನೋಟ್‌ಬುಕ್ಕು ತೆರೆದರು, ಏನೂ ಬರೆಯಲಿಲ್ಲ.
ನಾನು ಖಾಲಿ ಗೋಣಿಚೀಲ ಮಡಚಿ
ಅದರ ಮೇಲೆ ಕೂತೆ.
ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು.