ಮೂರನೇ ಡ್ರಮ್ಮು

ಅವ್ವನ ಮೊಣಕಾಲಿಗೆ ದಿನಕ್ಕೆರಡು ಗುಳಿಗೆ.
ನೋವು ಅರ್ಧ ತಾಸಿಗೆ ಇಳಿಯುತ್ತದೆ,
ಗುಳಿಗೆ ಇಳಿಯುವುದು ಆಮೇಲೆ,
ಬಚ್ಚಲಿಗೆ, ಗಟಾರಕ್ಕೆ,
ಸಿರುಗುಪ್ಪದ ಅಕ್ಕಿ ಗಿರಣಿಗಳ ಬೆನ್ನಿಗೆ ಹರಿದು
ಹೊಳೆಗೆ.

ಅದಕ್ಕೇ ಆಸ್ಪತ್ರೆ ಹಿಂದಿನ ತಗಡಿನ ಶೆಡ್ಡಿನಲ್ಲಿ
ಬೂಷ್ಟು ಸಾಕಿದ್ದೇನೆ.
ಸಾಲಾಗಿ ಮೂರು ನೀಲಿ ಡ್ರಮ್ಮು, ಒಳಗೆ ಭತ್ತದ ಹುಲ್ಲು,
ಹುಲ್ಲಿಗೆ ಜಾಲಿ ಕೊರಡಿನಿಂದ ಕೆರೆದು ತಂದ ಬಿಳಿ.
"ರೊಟ್ಟಿ ಮ್ಯಾಲ ಬಂದ್ರ ತಿಪ್ಪಿಗಿ ಒಗೀತೀವಿ,
ಅದನ್ನ ಸಾಕಾಕ ನಿನಗ ಪಗಾರ ಕೊಡ್ತಾರ?"
ಅವ್ವನಿಗೆ ನಗು.

ಬಾಯಿಲ್ಲ ಅದಕ್ಕೆ. ಉಣ್ಣುವುದೆಲ್ಲ ಮೈಯ ಹೊರಗೇ.
ಕಟ್ಟಿಗೆಯ ಗಂಟು ಬಿಚ್ಚಿ ಬಿಚ್ಚಿ ಪಳಗಿದ ರಸ
ಗುಳಿಗೆಯ ಗಂಟನ್ನೂ
ಇದೂ ಒಂದು ಕಟ್ಟಿಗೆಯೆಂದೇ ಬಿಚ್ಚುತ್ತದೆ.
ಚೀಟಿ ಓದಲು ಬಾರದ್ದೇ ಒಳ್ಳೆಯದಾಯಿತು.

ಬಳ್ಳಾರಿಯಿಂದ ಇವತ್ತು ಹಾಳೆ ಬಂತು.
ಅವ್ವನ ಗುಳಿಗೆಯ ದಿಬ್ಬ ಸಪಾಟು.
ಪಕ್ಕದಲ್ಲೊಂದು, ಮೂರನೇ ಡ್ರಮ್ಮು ದಾಟಿದ ಮೇಲೂ
ಆ ಊರಿನ ಕಲ್ಲುಗುಡ್ಡದ ಹಾಗೆ
ನಿಂತಲ್ಲೇ ನಿಂತಿದೆ:
ಮೂರ್ಛೆರೋಗದ ಗುಳಿಗೆ.

ಅದನ್ನು ನುಂಗುವವಳು ಗೊತ್ತು ನನಗೆ.
ಗಿರಣಿ ಹಮಾಲ ಮಾಬುಸಾಬನ ಮಗಳು, ಶಾಹೀನಾ.
ಎರಡು ವರ್ಷವಾಯಿತು, ಒಮ್ಮೆಯೂ ಬಿದ್ದಿಲ್ಲ.
ನಿನ್ನೆ ಕಾಲುವೆ ದಂಡೆಯ ಮೇಲೆ ಸೈಕಲ್ ಕಲಿಯುತ್ತಿದ್ದಳು,
ಹಿಂದೆ ಹಿಡಿದವರಿರಲಿಲ್ಲ.

ಹಠಮಾರಿಯೇ,
ಅವಳ ತಲೆಯೊಳಗೆ ಹೀಗೇ ಹಠ ಹಿಡಿದು ಕೂತಿರು.
ಹೊಳೆಯಲ್ಲಿ ಬೇಡ.

ನಲವತ್ತಮೂರು ಡಿಗ್ರಿ ಬಿಸಿಲು.
ತಗಡಿಗೆ ನೀರು ಚೆಲ್ಲುತ್ತೇನೆ,
ಹೊಸ ಹುಲ್ಲು ಕತ್ತರಿಸುತ್ತೇನೆ,
ಬೂಷ್ಟಿಗೆ ಇನ್ನೊಂದು ವಾರ ಕೊಟ್ಟು ನೋಡುತ್ತೇನೆ.