ನಂಬರ್ ಎರಡು

ಮಾರ್ಚಿನಲ್ಲಿ ಬಂದಿದ್ದರು, ಕೋಡಿಬಾಗದ ಕಡೆಯವರು.
ಮೂವರು ಹುಡುಗರು, ಮತ್ತೆ ಪಿಯದಾದ ಬಾಯಿಯ ಮೊಮ್ಮಗಳು ಲವಿನಾ.
ಅವಳೇ ಹಾಡುವವಳಂತೆ.
ಬ್ಯಾಂಡಿನ ಹೆಸರು 'ಹಾಳು ಲಂಗರು'. ಕಾರ್ಖಾನೆ ರಾಕ್ ಅಂದರು.
"ಕಾಕಾ, ನಿಮ್ಮ ಕಂಪ್ರೆಸರಿನ ಸದ್ದು ಬೇಕು."

ಬೈತಖೋಲಕ್ಕೆ ಬಂದವರು ಬರ್ಫು ಕೇಳುತ್ತಾರೆ,
ಡೀಸೆಲ್ ಕೇಳುತ್ತಾರೆ, ಉದ್ರಿ ಕೇಳುತ್ತಾರೆ.
ಸದ್ದು ಕೇಳಿದವರು ಇವರೇ ಮೊದಲು.
ಇಪ್ಪತ್ತಾರು ವರ್ಷ ಅದಕ್ಕೆಂದೇ ಕಿವಿಗೆ ಹತ್ತಿ ಇಟ್ಟವ ನಾನು,
ತಗೊಂಡು ಹೋಗಿ ಅಂದೆ, ಪುಕ್ಕಟೆ.

ಕೊಳವೆಗೆ ಮೈಕು ಕಟ್ಟಿದರು, ಕರೆಂಟಿನ ಟೇಪು ಸುತ್ತಿ.
ಡಬ್ಬಿಯಿಂದ ಗಡ್ಡೆ ಜಾರುವ ಧಡಲ್,
ಕ್ರಷರಿನ ಹಲ್ಲು, ಸರಪಳಿ,
ಸೋರುವ ವಾಲ್ವಿಗೆ ಗಜು ತಾಂಡೇಲ ಬೈದದ್ದು ಕೂಡ.
ಅಮೋನಿಯಾ ಕಣ್ಣಿಗೆ ಹೊಡೆದು ಲವಿನಾ ಅತ್ತಳು,
ಅಳುತ್ತಲೇ ಕೈಯೆತ್ತಿದಳು: ನಿಲ್ಲಿಸಬೇಡಿ.

ಆಮೇಲೆ ಜೂನು, ಮೀನುಗಾರಿಕೆ ಬಂದ್.
ಬೋಟು ಬೋಟಿಗೆ ಒರಗಿತು. ಎರಡೂ ಯಂತ್ರ ಆರಿಸಿದೆ.
ವರ್ಷಕ್ಕೆ ಆ ಎರಡು ತಿಂಗಳೇ ನನಗೆ ಕೇಳುವುದು
ಹೆಂಡತಿಯ ಗೊರಕೆ.

ಹದಿನಾಲ್ಕನೇ ತಾರೀಕು ನಡುರಾತ್ರಿ ಬಿಡುಗಡೆ ಅಂತ ಮೆಸೇಜು.
ಟವರು ಸಿಗದೆ ಧಕ್ಕೆಯ ತುದಿಗೆ ಹೋಗಿ, ಹಾಡು ಇಳಿಸಿಕೊಂಡು ಬಂದು
ತಣ್ಣಗಾದ ಯಂತ್ರದ ಮೇಲೇ ಫೋನಿಟ್ಟು ಒತ್ತಿದೆ.

ಮೊದಲು ಏನೂ ಇಲ್ಲ.
ಆಮೇಲೆ ಅದು.
ನನ್ನ ನಂಬರ್ ಎರಡು, ಅಂಗೈಯಗಲದ ಡಬ್ಬಿಯೊಳಗೆ,
ಮೇಲೆ ಗಿಟಾರು, ಗರಗಸ ತಗಡಿಗೆ ಸಿಕ್ಕ ಹಾಗೆ.
ಲವಿನಾ ಕೂಗುತ್ತಿದ್ದಳು, ಕೊಂಕಣಿಯೋ ಕನ್ನಡವೋ,
'ಕರಗಬೇಡ' ಎಂಬುದೊಂದು ಮಾತ್ರ ತಿಳಿಯಿತು.
ಹೆಂಡತಿ ಎದ್ದು ಬಂದಳು:
"ಬಂದಿನಲ್ಲಿ ಯಾರು ಚಾಲೂ ಮಾಡಿದ್ದು?"

ಎರಡನೇ ನಿಮಿಷದ ಹತ್ತಿರ, ಬಡಿತದ ಹಿಂದೆ,
ಸಣ್ಣದೊಂದು ಟಿಕ್. ಮತ್ತೆ, ಲೆಕ್ಕ ತಪ್ಪಿ, ಟಿಕ್.
ಬೇಕೆಂದೇ ಸೇರಿಸಿದ್ದೆಂದು ಕೇಳುವವರು ತಿಳಿದಾರು.
ಅದು ಬೇರಿಂಗು. ಒಡೆದಿದೆ.
ಹತ್ತಿಯೊಳಗಿನ ನನಗೆ ಗೊತ್ತೇ ಆಗಿರಲಿಲ್ಲ.

ಹೊಸದು ತರಿಸಿದೆ, ಹುಬ್ಬಳ್ಳಿಯಿಂದ.
ಸಾಲದ ಮೇಲೆ ಸಾಲ, ಇರಲಿ.
ಆಗಸ್ಟಿನಲ್ಲಿ ಮತ್ತೆ ಬಂದರು ಎರಡನೇ ಹಾಡಿಗೆ.
ಹೆಡ್‌ಫೋನ್ ಏರಿಸಿ ನಿಂತ ಲವಿನಾಳ ಮುಖ ಸಣ್ಣದಾಯಿತು.
"ಕಾಕಾ, ಏನು ಮಾಡಿಬಿಟ್ಟಿರಿ?"

ಹಳೆಯ ಬೇರಿಂಗನ್ನು ಲುಂಗಿಯ ಅಂಚಿನಲ್ಲಿ ಒರೆಸಿ
ಅವಳ ಕೈಗಿಟ್ಟೆ.
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು, ಒಮ್ಮೆ, ಇನ್ನೊಮ್ಮೆ.
ಹೊರಗೆ ಬೋಟಿನವರು ಬರ್ಫಿಗೆ ಕೂಗುತ್ತಿದ್ದರು.